ಸಾಕ್ಷಿದಾರನ ಪಕ್ಕದಲ್ಲಿ ಯಾರಿದ್ದಾರೆ?

ಸಾಕ್ಷ್ಯವನ್ನು ಮುಚ್ಚಿಡುವುದು ಪಾಪವೆಂದು ನಾವೆಲ್ಲರೂ ಕೇಳುತ್ತಲೇ ಬೆಳೆದವರು. ಮಹಾಪಾಪಗಳನ್ನು ವಿವರಿಸುತ್ತಿದ್ದ ಪ್ರವಾದಿವರ್ಯರು(ಸ) ಸುಳ್ಳುಸಾಕ್ಷ್ಯದ ಮಾತು ಬಂದಾಗ ಒರಗಿದ್ದಲ್ಲಿಂದ ಎದ್ದು ಕುಳಿತು ಅದನ್ನು ಮತ್ತೆ ಮತ್ತೆ ಹೇಳಿದರೆಂಬುದು ಮದ್ರಸದ ಮಕ್ಕಳಿಗೂ ಗೊತ್ತು. ಸಾಕ್ಷಿಕಟ್ಟೆ ಹತ್ತಬೇಕಾದವನಿಗೆ ಇಷ್ಟೆಲ್ಲ ಉಪದೇಶಿಸುವ ನಾವು, ಕಟ್ಟೆಯ ಕೆಳಗಿರುವವರ ಹೊಣೆಯ ಬಗ್ಗೆ ಏಕೆ ಸುಮ್ಮನಿದ್ದೇವೆ?

ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ ಅಲ್ ಬಕರಃ ಅಧ್ಯಾಯದ 282ನೆಯದು. ಸಾಲದ ಪತ್ರ ಬರೆಯುವ ಕ್ರಮವನ್ನು ಕಲಿಸುವ ಈ ಸೂಕ್ತದಲ್ಲಿ, ಕರೆದಾಗ ಸಾಕ್ಷಿಗಳು ನಿರಾಕರಿಸಬಾರದೆಂಬ ಆಜ್ಞೆಯಿದೆ. ಅದೇ ಸೂಕ್ತದ ಕೊನೆಯಲ್ಲಿ ಬರೆಯುವವನಿಗಾಗಲಿ ಸಾಕ್ಷಿಗಾಗಲಿ ತೊಂದರೆಯಾಗಬಾರದೆಂಬ ಆಜ್ಞೆಯೂ ಇದೆ. (ಅಲ್ಲಿನ ಅರಬಿ ಕ್ರಿಯಾಪದಕ್ಕೆ ಸಾಕ್ಷಿಯು ತೊಂದರೆ ಕೊಡಬಾರದು ಎಂಬ ಅರ್ಥವನ್ನೂ ವ್ಯಾಖ್ಯಾನಕಾರರು ಹೇಳಿದ್ದಾರೆ. ಎರಡೂ ಸರಿಯೇ.) ಮೊದಲ ಆಜ್ಞೆ ಸಾಕ್ಷಿಗೆ, ಎರಡನೆಯದು ಉಳಿದ ನಮಗೆ. ಸಾಲದ ಒಂದು ಪತ್ರಕ್ಕೇ ಇಷ್ಟು ರಕ್ಷಣೆಯಿರುವಾಗ, ಕೊಲೆಯನ್ನು ಕಣ್ಣಾರೆ ಕಂಡವನಿಗೆ ಎಷ್ಟಿರಬೇಕು!

ಬೆಸ್ಟ್ ಬೇಕರಿ ಮೊಕದ್ದಮೆಯನ್ನು ನೆನೆಯಿರಿ. 2002ರ ಮಾರ್ಚ್ 1ರಂದು ವಡೋದರದಲ್ಲಿ 14 ಜನ ಹತರಾದರು. 2003ರಲ್ಲಿ ಸಾಕ್ಷಿಗಳು ಒಬ್ಬರ ಹಿಂದೊಬ್ಬರು ಹೇಳಿಕೆ ಬದಲಿಸಿದರು, ಎಲ್ಲ 21 ಆರೋಪಿಗಳೂ ಬಿಡುಗಡೆಯಾದರು. ಮುಖ್ಯ ಸಾಕ್ಷಿಯಾಗಿದ್ದ ಹುಡುಗಿ ತನ್ನ ಮನೆಯವರನ್ನೇ ಕಳೆದುಕೊಂಡವಳು. ಪ್ರಾಣಭಯದಿಂದ ಸುಳ್ಳು ಹೇಳಿದೆನೆಂದು ಆಕೆ ಬಳಿಕ ತಿಳಿಸಿದಳು. 2004ರಲ್ಲಿ ಸುಪ್ರೀಂ ಕೋರ್ಟು ಮಹಾರಾಷ್ಟ್ರದಲ್ಲಿ ಮರುವಿಚಾರಣೆಗೆ ಆದೇಶಿಸಿತು. ಅಲ್ಲಿಯೂ ಆಕೆ ಮಾತು ಬದಲಿಸಿ, 2006ರಲ್ಲಿ ನ್ಯಾಯಾಲಯ ನಿಂದನೆಗಾಗಿ ಒಂದು ವರ್ಷದ ಸೆರೆವಾಸಕ್ಕೆ ಗುರಿಯಾದಳು. ಆದರೆ ಗಾಯಗೊಂಡು ಬದುಕುಳಿದಿದ್ದ ಬೇಕರಿ ಕೆಲಸಗಾರರು ಮುಂಬಯಿಗೆ ಬಂದು ಸಾಕ್ಷ್ಯ ನುಡಿದರು. 9 ಮಂದಿಗೆ ಶಿಕ್ಷೆಯಾಯಿತು. 2012ರಲ್ಲಿ ಹೈಕೋರ್ಟು ಅವರಲ್ಲಿ 4 ಮಂದಿಯ ಶಿಕ್ಷೆಯನ್ನು ಎತ್ತಿಹಿಡಿಯಿತು. ಆ ಹುಡುಗಿಯನ್ನು ದೂರುವುದು ಸುಲಭ. ಅವಳು ಹೇಳಿದ್ದು ಸುಳ್ಳೇ, ಅದಕ್ಕೆ ಸಮರ್ಥನೆಯಿಲ್ಲ. ಆದರೆ ಬೆದರಿಕೆ, ಆಮಿಷಗಳು ಒಂಟಿಯಾದವರ ಮನೆಯ ಬಾಗಿಲನ್ನೇ ಮೊದಲು ತಟ್ಟುತ್ತವೆ.

ಕಾನೂನು ಈಗ ಸ್ವಲ್ಪ ಎಚ್ಚೆತ್ತಿದೆ. 2018ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಸಾಕ್ಷಿ ರಕ್ಷಣಾ ಯೋಜನೆಯನ್ನು ಅಂಗೀಕರಿಸಿತು. ಬೆದರಿಕೆಯಿರುವ ಸಾಕ್ಷಿ ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಸಮಿತಿಗೆ ಅರ್ಜಿ ಹಾಕಿ ಪೊಲೀಸ್ ರಕ್ಷಣೆ ಕೇಳಬಹುದು. ಪೋಕ್ಸೋ ಕಾಯ್ದೆಯ ಪ್ರಕಾರ ಮಗು ಸಾಕ್ಷ್ಯ ನುಡಿಯುವಾಗ ಅದಕ್ಕೆ ನಂಬಿಕೆಯಿರುವವರು ಕೋರ್ಟಿನೊಳಗೆ ಜೊತೆಗಿರಬಹುದು, ಆರೋಪಿಯು ಮಗುವಿನ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಬೇಕು. ಮಹಿಳೆಯರಿಗೂ ಮಕ್ಕಳಿಗೂ ವರಮಾನ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಅರ್ಜಿಯನ್ನು ಬರೆದುಕೊಡುವವರು ಬೇಕು, ಅಷ್ಟೇ.

ಆದರೆ ಕೂಲಿ ಬಿಟ್ಟು ಕೋರ್ಟಿಗೆ ಹೋದವನಿಗೆ ಸಂಜೆ ಸಿಗುವುದು ಇನ್ನೊಂದು ವಾಯಿದೆ. ವರಾಂಡದಲ್ಲಿ ಆರೋಪಿಯ ಕಡೆಯವರು ಹತ್ತು ಜನ, ಇವನೊಬ್ಬನೇ. ಜೊತೆಗೆ ಹೋಗಿ ಕೂರುವುದು, ಅಂದಿನ ಕೂಲಿ ತುಂಬಿಕೊಡುವುದು, ತಾಯಿ ಕಟಕಟೆಯಲ್ಲಿರುವಾಗ ಅವಳ ಕೂಸನ್ನು ಎತ್ತಿಕೊಳ್ಳುವುದು ಯಾವ ಕಾಯ್ದೆಯಿಂದಲೂ ಆಗುವ ಕೆಲಸವಲ್ಲ. ಇಲ್ಲಿ ಒಂದು ಎಚ್ಚರಿಕೆ ಬೇಕು. ಜೊತೆಗೆ ಹೋದವರು ಉತ್ತರ ಹೇಳಿಕೊಡಬಾರದು. ಕಂಡದ್ದನ್ನು ಮಾತ್ರ ಹೇಳಲಿ. ನೆನಪಿಲ್ಲದ್ದನ್ನು ನೆನಪಿಲ್ಲವೆಂದೇ ಹೇಳಲಿ. ಸಹಾಯದ ಹೆಸರಿನಲ್ಲಿ ಸಾಕ್ಷ್ಯವನ್ನು ತಿದ್ದಿದರೆ ಅದೂ ಸುಳ್ಳುಸಾಕ್ಷ್ಯವೇ.

ಇನ್ನು, ಆರೋಪಿ ನಮ್ಮ ಮೊಹಲ್ಲಾದವನೇ ಆಗಿದ್ದರೆ? ನಿಜವಾದ ಪರೀಕ್ಷೆ ಅಲ್ಲಿದೆ. ಸ್ವಂತಕ್ಕಾಗಲಿ ತಂದೆತಾಯಿಗಾಗಲಿ ವಿರುದ್ಧವಾದರೂ ನ್ಯಾಯಕ್ಕೆ ಸಾಕ್ಷಿಯಾಗಿ ನಿಲ್ಲಬೇಕೆಂದು ಅನ್ನಿಸಾ ಅಧ್ಯಾಯದ 135ನೇ ಸೂಕ್ತ ಆದೇಶಿಸುತ್ತದೆ. ಆದರೆ ನಮ್ಮ ಹಿರಿಯರು ಸಂಧಾನ ಉತ್ತಮವೆನ್ನುತ್ತಾರೆ. ಸಂಧಾನ ಉತ್ತಮವೇ, ಗಂಡಹೆಂಡಿರ ಜಗಳದಲ್ಲಿ, ಸಾಲದ ತಕರಾರಿನಲ್ಲಿ. ಕೊಲೆ, ಅತ್ಯಾಚಾರಗಳು ಕಾನೂನಿನಲ್ಲಿ ರಾಜಿಯಾಗುವ ಅಪರಾಧಗಳೇ ಅಲ್ಲ. ಜಮಾಅತಿನ ಮಾನ ಉಳಿಸಲೆಂದು ನೊಂದ ಹುಡುಗಿಯ ಬಾಯಿ ಮುಚ್ಚಿಸುವುದು, ಆ ಸೂಕ್ತ ನಿಷೇಧಿಸಿದ ತೊಂದರೆಯಲ್ಲದೆ ಮತ್ತೇನು?

ಅವಳ ಮನೆಗೆ ರಾಜಿಯ ಮಾತು ಹೊತ್ತು ಹೋಗುವ ಹಿರಿಯರು ಮುಂದಿನ ವಾಯಿದೆ ಎಂದೆಂದು ಕೇಳಿ ಬರೆದುಕೊಳ್ಳಲಿ. ಆ ಬೆಳಿಗ್ಗೆ ಅವಳ ತಂದೆಯ ಜೊತೆ ಬಸ್ಸು ಹತ್ತಲು ಜಮಾಅತಿನಿಂದ ಇಬ್ಬರಾದರೂ ಸಿದ್ಧರಿದ್ದಾರೆಯೇ?