ಹಠವೆಂಬ ತೀರ್ಪು

ಸಾಕುನಾಯಿ ಹೇಳಿದ ಮಾತನ್ನು ಕೇಳದಿದ್ದಾಗ ನಾವು ಥಟ್ಟನೆ ಆಡುವ ಮಾತು, 'ಇದು ಬಹಳ ಹಠಮಾರಿ' ಎಂಬುದು. ಆದರೆ ಹಠವೆಂಬುದು ಒಂದು ನೈತಿಕ ಆರೋಪ. ಹೇಳಿದ್ದು ಅರ್ಥವಾಗಿದೆ, ಮಾಡುವ ಶಕ್ತಿಯಿದೆ, ಆದರೂ ಬೇಕೆಂದೇ ಮಾಡುತ್ತಿಲ್ಲ. ಈ ಮೂರೂ ನಿಜವಾದಾಗ ಮಾತ್ರ ಆ ಆರೋಪ ನ್ಯಾಯವಾದೀತು. ನಾವು ಇವನ್ನು ಪರೀಕ್ಷಿಸಿದ್ದೇವೆಯೇ?

ಮೊದಲು ಅರ್ಥದ ವಿಷಯ. ಮನೆಯಲ್ಲಿ ಒಬ್ಬರು 'ಕೂತ್ಕೋ' ಎನ್ನುತ್ತಾರೆ, ಇನ್ನೊಬ್ಬರು 'ಸಿಟ್' ಎನ್ನುತ್ತಾರೆ. ನಮಗೆ ಎರಡೂ ಒಂದೇ. ನಾಯಿಗೆ ಅವು ಬೇರೆ ಬೇರೆ ಸದ್ದುಗಳು. ಅಂಗಳದಲ್ಲಿ ಕಲಿತ ಪಾಠವನ್ನು ಗದ್ದಲದ ಬೀದಿಯಲ್ಲಿ ಮತ್ತೆ ಕಲಿಸಬೇಕಾಗುತ್ತದೆ.

ಎರಡನೆಯದು ಶಕ್ತಿ. ಸೊಂಟದ ಕೀಲು ನೋಯುತ್ತಿರುವ ನಾಯಿ ಕುಳಿತುಕೊಳ್ಳಲು ಹಿಂಜರಿಯುತ್ತದೆ. ಕಿವಿ ಮಂದವಾದ ಮುದಿನಾಯಿ ಕರೆದರೂ ಬಾರದು. ವಯಸ್ಸಿನ ಪ್ರಭಾವವೂ ಉಂಟು. ಬ್ರಿಟನ್ನಿನ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 8 ತಿಂಗಳ ಹರೆಯದ ನಾಯಿಗಳು 5 ತಿಂಗಳಲ್ಲಿದ್ದುದಕ್ಕಿಂತ ಕಡಿಮೆ ವಿಧೇಯತೆ ತೋರಿದವು. ಅದೂ ತಮ್ಮನ್ನು ಸಾಕಿದವರಿಗೆ, ಅಪರಿಚಿತರಿಗಲ್ಲ. ಹರೆಯದ ಮಕ್ಕಳಿರುವ ಮನೆಗಳಿಗೆ ಇದು ಹೊಸ ಸಂಗತಿಯೇನಲ್ಲ.

ಮೂರನೆಯದು ಇಚ್ಛೆ. 2005ರಲ್ಲಿ ಅಂಚೆಚೀಟಿಯ ಗೌರವ ಪಡೆದ ನಮ್ಮ ಮುಧೋಳ ನಾಯಿ, ಬೇಟೆಯನ್ನು ಕಣ್ಣಿನಿಂದ ಗುರುತಿಸಿ ಬೆನ್ನಟ್ಟಲೆಂದೇ ತಲೆಮಾರುಗಳಿಂದ ಬೆಳೆದುಬಂದ ತಳಿ. ಓಡುವ ಮೊಲವನ್ನು ಕಂಡಾಗ ಅದು ಒಡೆಯನ ಅಪ್ಪಣೆಗಾಗಿ ಹಿಂದಿರುಗಿ ನೋಡುತ್ತ ನಿಂತರೆ ಬೇಟೆ ಕೈತಪ್ಪುತ್ತದೆ. ಲ್ಯಾಬ್ರಡಾರ್ ಆದರೋ, ಬೇಟೆಗಾರನು ಹೊಡೆದುರುಳಿಸಿದ ಹಕ್ಕಿಯನ್ನು ಅವನ ಸನ್ನೆಯಂತೆ ತಂದೊಪ್ಪಿಸುವ ತಳಿ. ಒಂದರ ಗುಣವನ್ನು ಇನ್ನೊಂದರಲ್ಲಿ ಹುಡುಕಿ, ಕಾಣದಿದ್ದಾಗ ಹಠವೆನ್ನುವುದು ಸರಿಯೇ? ಮನುಷ್ಯನು ತಾನೇ ಬೆಳೆಸಿದ ಗುಣವನ್ನು ಇಂದು ದೋಷವೆಂದು ಕರೆಯುತ್ತಿದ್ದಾನೆ.

ಭಯವೂ ಹಠದಂತೆ ತೋರಬಲ್ಲದು. ಗದರಿದಾಗ ನಾಯಿ ಮುಖ ತಿರುಗಿಸುವುದು, ಆಕಳಿಸುವುದು, ತುಟಿ ನೆಕ್ಕುವುದು ಉದ್ಧಟತನವಲ್ಲ, ಹೆಚ್ಚಾಗಿ ಕಳವಳದ ಚಿಹ್ನೆ. ಅಮೆರಿಕದ ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ 1967ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಪ್ಪಿಸಿಕೊಳ್ಳಲಾಗದ ವಿದ್ಯುದಾಘಾತಕ್ಕೆ ಗುರಿಯಾದ ನಾಯಿಗಳಲ್ಲಿ ಹಲವು, ಮುಂದೆ ತಪ್ಪಿಸಿಕೊಳ್ಳುವ ದಾರಿಯಿದ್ದಾಗಲೂ ಪ್ರಯತ್ನಿಸದೆ ಉಳಿದುಬಿಟ್ಟವು. ನೋಡುವವರಿಗೆ ಅದು ಮೊಂಡುತನ. ವಾಸ್ತವದಲ್ಲಿ ಅದು ಭರವಸೆಯ ಸಾವು.

ಹಾಗೆಂದ ಮಾತ್ರಕ್ಕೆ ಶಿಸ್ತು ಬೇಡವೆಂದಲ್ಲ. ರಸ್ತೆಗೆ ನುಗ್ಗುವ ನಾಯಿಯನ್ನು ತಡೆಯಲೇಬೇಕು. ಆದರೆ ಒಂದೇ ಮಾತು, ಸಣ್ಣ ಸಣ್ಣ ಹೆಜ್ಜೆ, ಸರಿಯಾಗಿ ಮಾಡಿದ ಕ್ಷಣವೇ ಮೆಚ್ಚುಗೆಯ ಒಂದು ತುತ್ತು. ಕಲಿಸುವ ದಾರಿ ಇದು. 'ಹಠಮಾರಿ' ಎಂದೊಡನೆ ತಪ್ಪೆಲ್ಲ ಕಲಿಯುವವನದಾಗುತ್ತದೆ, ಕಲಿಸುವವನು ತನ್ನ ಹೊಣೆಯಿಂದ ಜಾರಿಕೊಳ್ಳುತ್ತಾನೆ. ನಾಯಿಗೆ ತನ್ನ ಪರವಾಗಿ ವಾದಿಸುವ ಬಾಯಿಲ್ಲ. ಬಾಯಿದ್ದೂ ಹೇಳಿಕೊಳ್ಳಲಾಗದ ಮಕ್ಕಳು, ವೃದ್ಧರು ನಮ್ಮ ಮನೆಗಳಲ್ಲೂ ಇದ್ದಾರೆ. ಅವರ ಬಗ್ಗೆ ಈ ಮಾತು ನಾಲಿಗೆಯ ತುದಿಗೆ ಬಂದಾಗ, ಅರ್ಥವಾಯಿತೇ, ಆಗುತ್ತದೆಯೇ, ಭಯವಿದೆಯೇ ಎಂದು ಮೊದಲು ವಿಚಾರಿಸೋಣ.