ಸಾಲಿನ ಅಂಕಿ ಯಾರದು?

ಎರಡು ಮಡಕೆಗಳನ್ನು ಕಂಡವನಿಗೆ 'ಎರಡು' ಎಂಬ ಅರಿವು ಉಂಟಾಗುವಾಗ ಆ ಸಂಖ್ಯೆ ಎಲ್ಲಿಂದ ಬಂದಿತೆಂಬ ಪ್ರಶ್ನೆಯನ್ನು ನಮ್ಮ ವೈಶೇಷಿಕ ದಾರ್ಶನಿಕರು ಅಸಾಧಾರಣ ಶ್ರದ್ಧೆಯಿಂದ ವಿಚಾರಿಸಿದ್ದಾರೆ. ಏಕತ್ವವು ಪ್ರತಿಯೊಂದು ದ್ರವ್ಯದಲ್ಲಿಯೂ ಇರುವ ಗುಣ. ದ್ವಿತ್ವವಾದರೋ ಮಡಕೆಗಳನ್ನೇ ಆಶ್ರಯಿಸಿದ್ದರೂ, 'ಇದೊಂದು, ಇದೊಂದು' ಎಂದು ಕೂಡಿಸಿ ಕಾಣುವ ಅಪೇಕ್ಷಾಬುದ್ಧಿಯಿಂದ ಹುಟ್ಟಿ, ಆ ಬುದ್ಧಿ ಅಳಿದ ಮೇಲೆ ತಾನೂ ಅಳಿಯತಕ್ಕದ್ದು. ಪ್ರಶಸ್ತಪಾದನ 'ಪದಾರ್ಥಧರ್ಮಸಂಗ್ರಹ'ದಲ್ಲಿ ಪ್ರತಿಪಾದಿತವಾಗಿರುವ ಈ ಸಿದ್ಧಾಂತವನ್ನು ಬರಿಯ ತರ್ಕವಿಲಾಸವೆಂದು ಬದಿಗಿಡುವವರುಂಟು. ಅದು ಪ್ರತಿದಿನವೂ ಕಣ್ಣೆದುರಿಗೆ ನಡೆಯುವ ಒಂದು ಸ್ಥಳ ಇಂದು ನಮಗೆ ದೊರೆತಿದೆ.

ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯ ವಿಶ್ವವಿದ್ಯಾಲಯದಲ್ಲಿ ಮೊಳೆತು, 1976ರಲ್ಲಿ ತನ್ನದೇ ಸಂಸ್ಥೆಯ ಆಶ್ರಯ ಪಡೆದ ಸ್ಯಾಸ್ ಎಂಬ ಗಣಕಭಾಷೆಯನ್ನು ಔಷಧಪರೀಕ್ಷೆಗಳ ಲೆಕ್ಕದಲ್ಲಿ ತೊಡಗಿದವರೆಲ್ಲ ಬಲ್ಲರು. ಅದರ 'ಡೇಟಾ ಸ್ಟೆಪ್' ಎಂಬ ಭಾಗವು ಕೋಷ್ಟಕದ ಸಾಲುಗಳನ್ನು ಸಾಮಾನ್ಯವಾಗಿ ಒಂದೊಂದಾಗಿ ಒಳಗೆ ತೆಗೆದುಕೊಂಡು, ಆದೇಶಗಳನ್ನು ನಡೆಸಿ, ಹೊರಗೆ ಬರೆದು, ಮತ್ತೆ ಮೊದಲಿಗೆ ಮರಳುತ್ತದೆ. ಹೀಗೆ ಸುತ್ತುವ ಪ್ರತಿಯೊಂದು ಸಲವೂ '_ಎನ್_' ಎಂಬ ಸ್ವಯಂಜಾತವಾದ ಚರವೊಂದು ಒಂದರಷ್ಟು ಏರುತ್ತದೆ. ಹೊಸದಾಗಿ ಕಲಿಯುವವನು ಅದನ್ನು ಸಾಲಿನ ಸಂಖ್ಯೆಯೆಂದೇ ಭಾವಿಸುತ್ತಾನೆ. ವಾಸ್ತವವಾಗಿ ಅದು ಎಣಿಸುವುದು ಸಾಲುಗಳನ್ನಲ್ಲ, ತನ್ನ ಸುತ್ತುಗಳನ್ನು.

ಐದು ಸಾಲುಗಳ ಕೋಷ್ಟಕವೊಂದರಲ್ಲಿ ಎರಡನೆಯದೂ ನಾಲ್ಕನೆಯದೂ ಬೇಡವೆಂದಿಟ್ಟುಕೊಳ್ಳೋಣ. 'ವೇರ್' ಎಂಬ ಆದೇಶದಿಂದ ಅವನ್ನು ಬಾಗಿಲಲ್ಲೇ ತಡೆದರೆ ಉಳಿದವುಗಳಿಗೆ ಒಂದು, ಎರಡು, ಮೂರು ಎಂಬ ಅಂಕಿಗಳು ಬರುತ್ತವೆ. 'ಇಫ್' ಎಂಬ ಆದೇಶದಿಂದ ಒಳಗೆ ಬರಗೊಟ್ಟು ಅನಂತರ ಬಿಟ್ಟರೆ ಒಂದು, ಮೂರು, ಐದು. ಒಬ್ಬ ರೋಗಿಗೆ ಸೇರಿದ ಸಾಲುಗಳೆಲ್ಲವನ್ನೂ ಒಂದೇ ಸುತ್ತಿನಲ್ಲಿ ಓದುವಂತೆ ಕ್ರಮವಿಧಿಯನ್ನು ರಚಿಸಿದರೆ ಅದೇ ಅಂಕಿ ರೋಗಿಗಳನ್ನು ಎಣಿಸತೊಡಗುತ್ತದೆ. ಸಾಲುಗಳಲ್ಲಿ ಒಂದಕ್ಷರವೂ ಬದಲಾಗಿಲ್ಲ. ಎಣಿಸುವವನ ದೃಷ್ಟಿ ಬದಲಾಯಿತು, ಅಷ್ಟೆ. ಇನ್ನೂ ಗಮನಾರ್ಹವಾದುದೆಂದರೆ, ಬೇರೊಂದು ಚರಕ್ಕೆ ಒಪ್ಪಿಸಿ ಉಳಿಸಿಕೊಂಡಲ್ಲದೆ ಈ ಅಂಕಿಯು ಹೊರಬರುವ ಕೋಷ್ಟಕದಲ್ಲಿ ಎಲ್ಲಿಯೂ ಸೇರುವುದಿಲ್ಲ. ಕೆಲಸ ಮುಗಿದೊಡನೆ ಇಲ್ಲವಾಗುತ್ತದೆ. ಅಪೇಕ್ಷಾಬುದ್ಧಿಯೊಡನೆ ಅಳಿಯುವ ದ್ವಿತ್ವಕ್ಕೆ ಇದಕ್ಕಿಂತ ಸ್ಫುಟವಾದ ದೃಷ್ಟಾಂತವನ್ನು ನಾನರಿಯೆ.

ಆರ್ ಎಂಬ ಇನ್ನೊಂದು ಭಾಷೆಯ ನಡೆ ಬೇರೆ. ಅಲ್ಲಿ ಕೋಷ್ಟಕದಿಂದ ಕೆಲವು ಸಾಲುಗಳನ್ನು ಆಯ್ದು ತೆಗೆದರೆ ಅವು ಸಾಮಾನ್ಯವಾಗಿ ತಮ್ಮ ಹಿಂದಿನ ಅಂಕಿಗಳನ್ನೇ ಹೆಸರಾಗಿ ಧರಿಸಿಕೊಂಡು ಬರುತ್ತವೆ: ಒಂದು, ಮೂರು, ಐದು. ಹಾಗೆಂದು ಅಂಕಿ ಸಾಲಿನ ಸ್ವಭಾವವಾಯಿತೆನ್ನಲಾಗದು. ಒಂದು ಆದೇಶ ಸಾಕು, ಆ ಹೆಸರುಗಳು ಅಳಿಸಿಹೋಗಿ ಹೊಸ ಎಣಿಕೆ ಪ್ರಾರಂಭವಾಗುತ್ತದೆ.

ಅಂತಾದರೆ ಒಂದು ಸಾಲನ್ನು ಇನ್ನೊಂದರಿಂದ ಬೇರೆ ಮಾಡುವುದು ಯಾವುದು? ಅದರ ಗುಣಗಳೇ ಎಂದು ಲೈಬ್ನಿಟ್ಸ್ ಹೇಳಿಯಾನು. ಸಕಲ ಗುಣಗಳಲ್ಲಿಯೂ ಭೇದ ತೋರದ ವಸ್ತುಗಳು ಎರಡಲ್ಲ, ಒಂದೇ ಎಂಬುದು ಅವನ ಮತ. 1970ರಲ್ಲಿ ಎಡ್ಗರ್ ಕಾಡ್ ದತ್ತಾಂಶಗಳಿಗೆ ಗಣಸಿದ್ಧಾಂತದ ತಳಹದಿ ಹಾಕಿದಾಗಲೂ ಸಾಲುಗಳ ಕ್ರಮಕ್ಕೆ ಅರ್ಥವಿಲ್ಲವೆಂದೂ ಯಾವ ಎರಡು ಸಾಲುಗಳೂ ಸರ್ವಾಂಶದಲ್ಲಿ ಸಮವಾಗಿರಕೂಡದೆಂದೂ ವಿಧಿಸಿದನು. ವೈಶೇಷಿಕರು ಇದನ್ನು ಒಪ್ಪರು. ಸಮಾನ ಗುಣಗಳುಳ್ಳ ಎರಡು ಪರಮಾಣುಗಳು, ಮುಕ್ತರಾದ ಇಬ್ಬರು ಆತ್ಮರು, ಎಲ್ಲದರಲ್ಲಿಯೂ ಸದೃಶರಾಗಿದ್ದರೂ ಇಬ್ಬರೇ. ಇಂತಹ ನಿತ್ಯದ್ರವ್ಯಗಳಲ್ಲಿ ಪ್ರತಿಯೊಂದರಲ್ಲಿಯೂ 'ವಿಶೇಷ'ವೆಂಬುದೊಂದಿದ್ದು, ಅದು ಬೇರೆ ಯಾವುದರ ನೆರವೂ ಇಲ್ಲದೆ ತನ್ನಷ್ಟಕ್ಕೆ ತಾನೇ ಭೇದವನ್ನು ಸಾಧಿಸುತ್ತದೆ. ನನ್ನ ಮನಸ್ಸು ಈ ಪಕ್ಷಕ್ಕೇ ಒಲಿಯುತ್ತದೆ. ಕೋಷ್ಟಕದ ಸಾಲು ನಿತ್ಯದ್ರವ್ಯವಲ್ಲ, ನಿಜ. ಅದಕ್ಕೆ ವಿಶೇಷವನ್ನು ಆರೋಪಿಸುವುದು ಶಾಸ್ತ್ರಸಮ್ಮತವಾಗದು. ಆದರೆ ಆ ಸಾಲು ಯಾರನ್ನು ಕುರಿತದ್ದೋ ಆ ಮನುಷ್ಯನ ಆತ್ಮನಲ್ಲಿ ಅದು ಉಂಟು. ರೋಗಿಗೆ ಆಸ್ಪತ್ರೆಯವರು ಕೊಟ್ಟ ಗುರುತಿನ ಸಂಖ್ಯೆಯೂ ಕೂಡ, ಬಂದ ಕ್ರಮದಲ್ಲಿ ಯಾರೋ ಎಣಿಸಿ ಸ್ಥಿರಪಡಿಸಿದ ಅಂಕಿಯೇ ಹೊರತು ಅವನ ವಿಶೇಷವಲ್ಲ.

ಈ ಭೇದ ಬರಿಯ ವಾದವಾಗಿ ಉಳಿಯದ ಪ್ರಸಂಗವೊಂದುಂಟು. ಗುರುತಿನ ಸಂಖ್ಯೆಯಿಲ್ಲದ ಕೋಷ್ಟಕದಲ್ಲಿ ವಯಸ್ಸು, ತೂಕ, ರಕ್ತದೊತ್ತಡ, ದಿನಾಂಕ, ಎಲ್ಲವೂ ಅಕ್ಷರಶಃ ಒಂದೇ ಆಗಿರುವ ಎರಡು ಸಾಲುಗಳು ಕಾಣಬರುತ್ತವೆ. ಒಬ್ಬನ ವಿವರವನ್ನೇ ಎರಡು ಸಲ ಬರೆದದ್ದಿರಬಹುದು. ಇಬ್ಬರು ಮನುಷ್ಯರೂ ಇರಬಹುದು. ದ್ವಿರುಕ್ತವೆಂದು ಒಂದನ್ನು ತೆಗೆದುಹಾಕುವ ಆದೇಶವನ್ನು ಬರೆಯುವವನು ತನಗರಿಯದೆಯೇ ಲೈಬ್ನಿಟ್ಸನ ಪಕ್ಷವನ್ನು ಹಿಡಿದು, ಬದುಕಿರುವ ಒಬ್ಬನನ್ನು ಲೆಕ್ಕದಿಂದ ಅಳಿಸಿಬಿಟ್ಟಿರಬಹುದು. ಸಾಲುಗಳನ್ನು ಬೇರೆ ಕ್ರಮಕ್ಕೆ ಜೋಡಿಸುವ ಮೊದಲೇ, ಯಾವುದನ್ನೂ ಬಿಡುವ ಮೊದಲೇ, ಮೂಲದಲ್ಲಿ ಓದಿದ ಕ್ರಮಾಂಕವನ್ನು ಪ್ರತ್ಯೇಕ ಚರವೊಂದರಲ್ಲಿ ಬರೆದಿರಿಸಬೇಕೆಂದು ನಾನು ಆಗ್ರಹಪಡಿಸುವುದು ಇದಕ್ಕಾಗಿ. ಆ ಅಂಕಿ ಎಣಿಸಿದವನದು, ರೋಗಿಯದಲ್ಲ. ಆದರೂ ಹದಿನೇಳನೆಯ ಸಾಲೂ ನಲವತ್ತೆರಡನೆಯ ಸಾಲೂ ಎಂದು ಬರೆದಿಟ್ಟಿದ್ದರೆ, ಆಸ್ಪತ್ರೆಯಲ್ಲಿ ಅದೇ ಕ್ರಮದಲ್ಲಿ ಕಟ್ಟಿಟ್ಟ ಮೂಲಪತ್ರಗಳಲ್ಲಿ ಆ ಎರಡನ್ನು ತೆರೆಸಿ, ಬಂದವರು ಇಬ್ಬರೋ ಒಬ್ಬನೋ ಎಂದು ವಿಚಾರಿಸಬಹುದು.