ಇಂದಿನ ಧಮ್ಮ ಚಿಂತನೆ: ಎಂಜಿನ್ ನಿಂತಾಗ ಕೆಳಗಿರುವವರು



ಸಣ್ಣ ವಿಮಾನ ಎಂದ ಕೂಡಲೇ ಬೆಂಗಳೂರಿನವರಾದ ನಮಗೆ ನೆನಪಾಗುವುದು 2004ರ ಏಪ್ರಿಲ್ 17. ಜಕ್ಕೂರಿನಿಂದ ಮೇಲೆದ್ದ ಸೆಸ್ನಾ ವಿಮಾನ ಸ್ವಲ್ಪ ಹೊತ್ತಿನಲ್ಲೇ ಜಿಕೆವಿಕೆ ಆವರಣದಲ್ಲಿ ಬಿತ್ತು. ನಟಿ ಸೌಂದರ್ಯ ಸೇರಿ ಒಳಗಿದ್ದ ನಾಲ್ವರೂ ತೀರಿಕೊಂಡರು. ಒಳಗೆ ಯಾರಿದ್ದರು ಎಂಬುದು ಇಷ್ಟು ವರ್ಷವಾದರೂ ಎಲ್ಲರ ಬಾಯಲ್ಲಿದೆ. ಆ ಹೊತ್ತಿಗೆ ಕೆಳಗೆ ಯಾರಿದ್ದರು ಎಂದು ನಾವು ಕೇಳಿದ್ದು ಕಡಿಮೆ.

2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದ ಎರಡು ಸೀಟಿನ ತರಬೇತಿ ವಿಮಾನವೊಂದು ತಾಂತ್ರಿಕ ದೋಷದಿಂದ ಹೊನ್ನಿಹಾಳ ಬಳಿಯ ಹೊಲದಲ್ಲಿ ಇಳಿಯಿತು. ಒಳಗಿದ್ದ ಇಬ್ಬರಿಗೂ ಸಣ್ಣಪುಟ್ಟ ಗಾಯ, ಅಷ್ಟೇ. ಸುದ್ದಿ ಓದಿದವರೆಲ್ಲ ಸದ್ಯ ಬದುಕಿದರಲ್ಲ ಎಂದರು. ನಾನೂ ಹಾಗೇ ಅಂದುಕೊಂಡೆ. ಆದರೆ ಮುಂಗಾರು ಹತ್ತಿರ ಬಂದ ಆ ದಿನಗಳಲ್ಲಿ ಹೊಲದಲ್ಲಿ ಆಳುಕಾಳು ಇರುವುದು ಸಾಮಾನ್ಯ ಸಂಗತಿ.

ಎಂಜಿನ್ ನಿಂತರೆ ವಿಮಾನ ಕಲ್ಲಿನ ಹಾಗೆ ಬೀಳುವುದಿಲ್ಲ, ಹದ್ದಿನ ಹಾಗೆ ತೇಲುತ್ತಾ ಇಳಿಯುತ್ತದೆ. ಸೆಸ್ನಾ 172ರಂಥದ್ದು 1000 ಅಡಿ ಎತ್ತರದಿಂದ ಸುಮಾರು ಎರಡೂವರೆ ಕಿಲೋಮೀಟರ್ ಸಾಗಬಲ್ಲದು. ಹೆಚ್ಚೂಕಡಿಮೆ ವಿಜಯನಗರ ಮೆಟ್ರೊ ನಿಲ್ದಾಣದಿಂದ ಮಾಗಡಿ ರಸ್ತೆ ನಿಲ್ದಾಣದಷ್ಟು ದೂರ. ಸಿಗುವ ಸಮಯ ಒಂದು ನಿಮಿಷಕ್ಕಿಂತ ತುಸು ಹೆಚ್ಚು. ಅಷ್ಟರಲ್ಲಿ ಪೈಲಟ್ ವಿಮಾನದ ಮೂಗು ತಗ್ಗಿಸಿ ವೇಗ ಉಳಿಸಿಕೊಳ್ಳಬೇಕು. (ಹೆದರಿದ ಕೈ ಮೇಲಕ್ಕೇ ಎಳೆಯುತ್ತದೆ. ಹಾಗೆ ಎಳೆದು ವೇಗ ಕಳೆದುಕೊಂಡು ಸತ್ತವರು ಬಹಳ.) ಗಾಳಿ ಯಾವ ಕಡೆಯದು ನೋಡಬೇಕು, ಇಳಿಯುವ ಜಾಗ ಆರಿಸಬೇಕು. ಈ ಆರಿಸುವುದರಲ್ಲೇ ಶೀಲದ ಪ್ರಶ್ನೆ ಇದೆ.

2017ರ ಆಗಸ್ಟ್ 2ರಂದು ಪೋರ್ಚುಗಲ್‌ನ ಕಪಾರಿಕಾ ಕಡಲತೀರದಲ್ಲಿ, ಎಂಜಿನ್ ಕೈಕೊಟ್ಟ ಸೆಸ್ನಾ 152 ಮರಳಿನ ಮೇಲೆ ಇಳಿಯಿತು. ಅಲ್ಲಿ ಅದು ಬೇಸಿಗೆ, ತೀರದಲ್ಲಿ ಜನ ಸೇರಿದ್ದರು. 8 ವರ್ಷದ ಬಾಲಕಿ, 56 ವರ್ಷದ ಒಬ್ಬ ವ್ಯಕ್ತಿ ಸತ್ತರು. ವಿಮಾನದೊಳಗಿದ್ದ ಗುರು, ಶಿಷ್ಯ ಇಬ್ಬರೂ ಬದುಕಿದರು. ಪಕ್ಕದಲ್ಲೇ ಸಮುದ್ರವಿತ್ತು. ನೀರಿಗೆ ಇಳಿಸಿದ್ದರೆ ಚಕ್ರ ನೀರಿಗೆ ಸಿಕ್ಕಿ ವಿಮಾನ ಮಗುಚಬಹುದಿತ್ತು, ಒಳಗಿದ್ದವರು ಮುಳುಗಬಹುದಿತ್ತು.

ಚೇತನವೇ ಕಮ್ಮ ಎಂದು ನಾವು ಓದಿದ್ದೇವೆ. ಕೊಲ್ಲುವ ಉದ್ದೇಶ ಅವರಿಗಿರಲಿಲ್ಲ. ಅವರನ್ನು ಕೊಲೆಗಾರರು ಎನ್ನುವವರ ಜೊತೆ ನಾನಿಲ್ಲ. ಆದರೆ ಉದ್ದೇಶ ಶುದ್ಧವಾಗಿತ್ತು ಎಂದು ಮಾತು ಮುಗಿಸುವುದಕ್ಕೂ ಮನಸ್ಸು ಒಪ್ಪುವುದಿಲ್ಲ. ಹಾರುವ ಅಪಾಯವನ್ನು ವಿಮಾನದಲ್ಲಿದ್ದವರು ಇಷ್ಟಪಟ್ಟು ತೆಗೆದುಕೊಂಡಿದ್ದರು. ಮರಳಿನ ಮೇಲಿದ್ದ ಮಗುವನ್ನು ಯಾರೂ ಕೇಳಿರಲಿಲ್ಲ. ಇನ್ನೊಬ್ಬರ ಅನುಕೂಲದ ಅಪಾಯ ತಮ್ಮ ತಲೆಗೆ ಬೀಳುವುದು ನಮ್ಮ ಜನಕ್ಕೆ ಹೊಸದಲ್ಲ. ಮ್ಯಾನ್‌ಹೋಲ್‌ಗೆ ಇಳಿದು ಸತ್ತವರ ಮನೆಗಳನ್ನು ಕೇಳಿ. ಆದ್ದರಿಂದ ನೀರೇ ಸರಿಯಾಗಿತ್ತು ಎನ್ನುತ್ತೇನೆ. ಕುರ್ಚಿಯಲ್ಲಿ ಕೂತು ಹೇಳುವುದು ಸುಲಭ ಎಂಬುದೂ ಗೊತ್ತು.

ಆ ಒಂದು ನಿಮಿಷದಲ್ಲಿ ಹೊಸ ಮನಸ್ಸು ಹುಟ್ಟುವುದಿಲ್ಲ. ಮೊದಲೇ ಇದ್ದದ್ದು ಹೊರಗೆ ಬರುತ್ತದೆ. ಒಳ್ಳೆಯ ಪೈಲಟ್ ಪ್ರತಿ ಹಾರಾಟಕ್ಕೆ ಮುಂಚೆ ಟ್ಯಾಂಕಿನಿಂದ ಸ್ವಲ್ಪ ಇಂಧನವನ್ನು ಪಾರದರ್ಶಕ ಲೋಟಕ್ಕೆ ಇಳಿಸಿ, ನೀರು ಬೆರೆತಿದೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತಾನೆ. ಅಪ್ಪಮಾದ ಎಂದರೆ ಏನು ಎಂದು ಮಕ್ಕಳು ಕೇಳಿದರೆ ನಾನು ಆ ಲೋಟವನ್ನೇ ತೋರಿಸುತ್ತೇನೆ. ಅಂತರರಾಷ್ಟ್ರೀಯ ನಿಯಮವೂ ಒಂದಿದೆ: ಜನನಿಬಿಡ ಊರಿನ ಮೇಲೆ ಹಾರುವಾಗ, ತೊಂದರೆಯಾದರೆ ಕೆಳಗಿನವರಿಗೆ ಅಪಾಯವಾಗದಂತೆ ಇಳಿಯಬಲ್ಲಷ್ಟು ಎತ್ತರದಲ್ಲಿರಬೇಕು. ಮೇಲೇರುವಾಗ, ಇಳಿಯುವಾಗ ವಿನಾಯಿತಿ ಇದೆ.

ಒಬ್ಬನೇ ಇರುವವನಿಗೆ ಧಮ್ಮ ಬೇಕಿಲ್ಲ, ಇಬ್ಬರಾದ ಕೂಡಲೇ ಬೇಕು ಎಂಬರ್ಥದ ಮಾತನ್ನು ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಹೇಳುತ್ತಾರೆ. ಪೈಲಟ್ ಆಕಾಶದಲ್ಲಿ ಒಬ್ಬನೇ ಇರುವಂತೆ ಕಾಣುತ್ತಾನೆ. ಆ ಎರಡನೆಯವರು ಕೆಳಗಿದ್ದಾರೆ, ತಾವು ಈ ಲೆಕ್ಕದಲ್ಲಿದ್ದೇವೆ ಎಂಬುದೇ ಅವರಿಗೆ ತಿಳಿದಿರುವುದಿಲ್ಲ.

ರಾಜಾಜಿನಗರದಿಂದ ವಿಜಯನಗರದವರೆಗೆ ಮೇಲಿನಿಂದ ನೋಡಿದರೆ ಬರೀ ತಾರಸಿ, ಸಿಂಟೆಕ್ಸ್ ಟ್ಯಾಂಕು. ಕೆಂಗೇರಿ ಕಡೆ ಹೋದರೆ ಅಲ್ಲಲ್ಲಿ ಖಾಲಿ ಜಾಗ ಕಾಣುತ್ತದೆ. ಖಾಲಿ ಎನ್ನುವುದು ಮೇಲಿನವರ ಮಾತು. ಅಂಥ ಕಡೆಯೇ ಟಾರ್ಪಾಲಿನ ಗುಡಿಸಲು ಹಾಕಿಕೊಂಡು ಕಟ್ಟಡದ ಕೂಲಿಯವರು ಇರುತ್ತಾರೆ. ಬಸವೇಶ್ವರನಗರದ ನಮ್ಮ ಶಾಲೆಯ ಮೈದಾನವೂ ಮೇಲಿನಿಂದ ಒಳ್ಳೆಯ ಮಣ್ಣಿನ ಚೌಕವೇ. ಮಧ್ಯಾಹ್ನ ಮೂರೂವರೆಗೆ ಅಲ್ಲಿ ಆರನೇ ತರಗತಿಯ ಆಟದ ಪಿರಿಯಡ್.

ಜೈ ಭೀಮ್.